ಬ್ಲಡ್ ಬೌಲ್: ಎಲ್ಫ್ ಆಟಗಾರರಿಗೆ ಯಾವ ಕೌಶಲ?

ಬ್ಲಡ್ ಬೌಲ್ ಎಂಬುದು ಮೇಜಿನ ಮೇಲೆ ಬೊಂಬೆಗಳನ್ನು ನಿಲ್ಲಿಸಿ, ದಾಳ ಉರುಳಿಸಿ ಆಡುವ ಚೆಂಡಾಟ. ಜರ್ವಿಸ್ ಜಾನ್ಸನ್ ರೂಪಿಸಿದ ಈ ಆಟವನ್ನು ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1986ರಲ್ಲಿ ಹೊರತಂದಿತು. ಅಮೆರಿಕದ ಫುಟ್‌ಬಾಲಿನಂತೆ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಕೊನೆಯ ಸಾಲಿಗೆ ಒಯ್ದರೆ ಟಚ್‌ಡೌನ್. ಆದರೆ ಇಲ್ಲಿ ಆಡುವವರು ಮನುಷ್ಯರಷ್ಟೇ ಅಲ್ಲ. ವಾರ್‌ಹ್ಯಾಮರ್ ಎಂಬ ಕಲ್ಪಿತ ಲೋಕದ ಓರ್ಕ್‌ಗಳು, ಗಿಡ್ಡ ಡ್ವಾರ್ಫ್‌ಗಳು, ಇಲಿಮೊಗದ ಸ್ಕೇವನ್‌ಗಳು ಕೂಡ. ಅವರ ನಡುವೆ ಮೈ ತೆಳ್ಳಗೆ, ಕಾಲು ಚುರುಕು, ಕೈ ಇನ್ನೂ ಚುರುಕು ಎನ್ನುವ ಜನ ಎಲ್ಫ್‌ಗಳು. ಚೆಂಡಿನಾಟದಲ್ಲಿ ಅವರನ್ನು ಮೀರಿಸುವವರಿಲ್ಲ. ಏಟು ತಡೆದುಕೊಳ್ಳುವುದರಲ್ಲಿ ಮಾತ್ರ ಅವರು ತೀರಾ ಹಿಂದೆ. ಎಲ್ಫ್ ತಂಡಕ್ಕೆ ಕೌಶಲ ಆರಿಸುವ ಕೆಲಸವೆಲ್ಲ ಈ ಎರಡು ಸಂಗತಿಗಳ ನಡುವೆಯೇ ನಡೆಯುತ್ತದೆ.

ಮೈದಾನ ಚದುರಂಗದ ಹಾಸಿನಂತೆ ಮನೆಗಳಾಗಿ ಹಂಚಿದೆ: ಉದ್ದಕ್ಕೆ 26, ಅಗಲಕ್ಕೆ 15. ಒಂದು ಬದಿಗೆ 11 ಆಟಗಾರರು. ಪಂದ್ಯಕ್ಕೆ ಎರಡು ಅರ್ಧ, ಒಂದೊಂದು ಅರ್ಧದಲ್ಲಿ ಪ್ರತಿ ತಂಡಕ್ಕೂ 8 ಸರದಿ. ಒಂದು ಸರದಿಯಲ್ಲಿ ಕೋಚ್ ತನ್ನ ಎಲ್ಲ ಆಟಗಾರರನ್ನೂ ಒಬ್ಬೊಬ್ಬರಾಗಿ ನಡೆಸಬಹುದು. ನಡುವೆ ಯಾರಾದರೂ ಎಡವಿ ಬಿದ್ದರೆ ಅಥವಾ ಚೆಂಡು ಕೈತಪ್ಪಿದರೆ ಸರದಿ ಅಲ್ಲಿಗೇ ಮುಗಿಯುತ್ತದೆ; ಇದಕ್ಕೆ ಟರ್ನೋವರ್ ಎಂದು ಹೆಸರು. ಆಟದ ಒತ್ತಡವೆಲ್ಲ ಈ ಒಂದು ನಿಯಮದಿಂದ ಹುಟ್ಟುತ್ತದೆ. ಬಿದ್ದ ದಾಳವನ್ನು ಮತ್ತೊಮ್ಮೆ ಉರುಳಿಸಲು ತಂಡಕ್ಕೆ ಕೆಲವೇ ರೀರೋಲ್‌ಗಳಿರುತ್ತವೆ. ಅವು ತೀರಿದ ಮೇಲೆ ಪ್ರತಿ ಗರವೂ ಕೊನೆಯದಾಗಬಹುದು.

ಪ್ರತಿ ಆಟಗಾರನಿಗೂ ಐದು ಅಳತೆಗಳಿವೆ: ಓಟ, ಬಲ, ಚುರುಕು, ಎಸೆತ, ಕವಚ. ಎಲ್ಫ್‌ಗಳ ಚುರುಕು 2+. ಅಂದರೆ ಆರು ಮುಖದ ದಾಳದಲ್ಲಿ ಎರಡು ಅಥವಾ ಹೆಚ್ಚು ಬಿದ್ದರೆ ಸಾಕು, ಬಯಲಿನಲ್ಲಿ ಬಿದ್ದ ಚೆಂಡನ್ನು ಎತ್ತಿಕೊಳ್ಳಬಹುದು, ಗುರಿ ತಪ್ಪದೆ ಬಂದ ಪಾಸ್ ಹಿಡಿಯಬಹುದು, ಮೈಗೆ ಅಂಟಿ ನಿಂತ ಎದುರಾಳಿಯಿಂದ ನುಣುಚಿಕೊಳ್ಳಬಹುದು. ಯಶಸ್ಸಿನ ಸಾಧ್ಯತೆ ಶೇ. 83, ರೀರೋಲ್ ಕೈಯಲ್ಲಿದ್ದರೆ ಶೇ. 97. ಇದೇ ಕೆಲಸಕ್ಕೆ ಸಾಮಾನ್ಯ ಮನುಷ್ಯ ಆಟಗಾರನಿಗೆ 3+ ಬೇಕು.

ಕವಚದ ಕತೆ ಬೇರೆ. ಕಾಡಿನ ಎಲ್ಫ್‌ಗಳಾದ ವುಡ್ ಎಲ್ಫ್ ತಂಡದಲ್ಲಿ ಮರಮನುಷ್ಯನೊಬ್ಬನನ್ನು ಬಿಟ್ಟರೆ ಎಲ್ಲರ ಕವಚವೂ 8+. ಕೆಳಗೆ ಬಿದ್ದವನ ಮೇಲೆ ಎರಡು ದಾಳ ಉರುಳಿಸಿ, ಮೊತ್ತ ಎಂಟು ಮುಟ್ಟಿದರೆ ಕವಚ ಒಡೆಯುತ್ತದೆ. ಆ ಸಾಧ್ಯತೆ ಶೇ. 42ರ ಹತ್ತಿರ. ಕವಚ 9+ ಇದ್ದರೆ ಅದು ಶೇ. 28ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಒಂದೇ ಅಂಕಿಯ ಅಂತರ, ಆದರೆ ಒಂದು ಲೀಗ್ ಮುಗಿಯುವಷ್ಟರಲ್ಲಿ ಆಸ್ಪತ್ರೆಯ ಹಾಸಿಗೆ ಎಷ್ಟು ತುಂಬುತ್ತದೆ ಎಂಬುದನ್ನು ಇದೇ ಅಂತರ ತೀರ್ಮಾನಿಸುತ್ತದೆ. ಕವಚ ಒಡೆದ ಮೇಲೆ ಗಾಯದ ದಾಳ ಬೇರೆ. ಎರಡು ದಾಳದ ಮೊತ್ತ ಹತ್ತು ಅಥವಾ ಮೇಲಾದರೆ ಆಟಗಾರ ಆ ಪಂದ್ಯಕ್ಕಂತೂ ಇಲ್ಲ, ಕೆಲವೊಮ್ಮೆ ಮುಂದಕ್ಕೂ ಇಲ್ಲ.

ಲೀಗ್ ಆಟದಲ್ಲಿ ತಂಡ ಪಂದ್ಯದಿಂದ ಪಂದ್ಯಕ್ಕೆ ಬೆಳೆಯುತ್ತದೆ. 2020ರ ಆವೃತ್ತಿಯ ನಿಯಮಗಳನ್ನೇ ಈ ಬರಹದುದ್ದಕ್ಕೂ ಆಧಾರವಾಗಿ ಇಟ್ಟುಕೊಂಡರೆ, ಟಚ್‌ಡೌನಿಗೆ 3 ಅಂಕ, ಪೂರ್ತಿಯಾದ ಪಾಸಿಗೆ 1, ಎದುರಾಳಿಯ ಪಾಸನ್ನು ನಡುವೆಯೇ ಕಸಿದುಕೊಂಡರೆ 2, ಎದುರಾಳಿಯನ್ನು ಪಂದ್ಯದಿಂದಲೇ ಹೊರಗೆ ಕಳಿಸುವಂಥ ಗಾಯ ಮಾಡಿದರೆ 2, ಪಂದ್ಯದ ಶ್ರೇಷ್ಠನೆಂದು ದಾಳ ಆರಿಸಿದವನಿಗೆ 4. ಈ ಅಂಕಗಳನ್ನು ಖರ್ಚು ಮಾಡಿ ಕೌಶಲ ಕೊಳ್ಳಬೇಕು. ಕೌಶಲಗಳು ಸಾಮಾನ್ಯ, ಚುರುಕು, ಬಲ, ಎಸೆತ, ಮಾರ್ಪಾಡು ಎಂಬ ವರ್ಗಗಳಲ್ಲಿವೆ, ಒಂದೊಂದರಲ್ಲಿ ಹನ್ನೆರಡು. ಪ್ರತಿ ಆಟಗಾರನಿಗೆ ಸ್ವಂತ ವರ್ಗ ಯಾವುದು, ಹೊರಗಿನ ವರ್ಗ ಯಾವುದು ಎಂಬುದು ತಂಡದ ಪಟ್ಟಿಯಲ್ಲೇ ನಿಗದಿಯಾಗಿದೆ. ಬೆಳವಣಿಗೆಯ ಮೊದಲ ಮೆಟ್ಟಿಲಿನಲ್ಲಿ ಸ್ವಂತ ವರ್ಗದ ಕೌಶಲವನ್ನು ದಾಳದ ಮೇಲೆ ಬಿಟ್ಟರೆ 3 ಅಂಕ, ತಾನೇ ಆರಿಸಿದರೆ 6. ಹೊರಗಿನ ವರ್ಗದಿಂದ ಆರಿಸಿದರೆ 12. ಅಳತೆಯನ್ನೇ ಹೆಚ್ಚಿಸಿಕೊಳ್ಳಲು 18. ಮುಂದಿನ ಮೆಟ್ಟಿಲುಗಳಲ್ಲಿ ಬೆಲೆ ಏರುತ್ತ ಹೋಗುತ್ತದೆ. ಒಬ್ಬನಿಗೆ ಒಟ್ಟು ಆರು ಮೆಟ್ಟಿಲು.

ಅಂಕದ ಜೊತೆಗೆ ಇನ್ನೊಂದು ಬೆಲೆಯೂ ಉಂಟು. ಸ್ವಂತ ವರ್ಗದಿಂದ ಆರಿಸಿದ ಕೌಶಲ ಆಟಗಾರನ ಮೌಲ್ಯಕ್ಕೆ 20 ಸಾವಿರ ಚಿನ್ನದ ನಾಣ್ಯ ಸೇರಿಸುತ್ತದೆ, ಹೊರಗಿನ ವರ್ಗದಿಂದ ಆರಿಸಿದ್ದು 40 ಸಾವಿರ. ತಂಡದ ಮೌಲ್ಯ ಎದುರಾಳಿಗಿಂತ ಹೆಚ್ಚಿದ್ದರೆ, ಆ ಅಂತರದ ಹಣದಲ್ಲಿ ಎದುರಾಳಿ ಮಂತ್ರವಾದಿಯನ್ನೋ ಹೆಸರಾಂತ ಬಾಡಿಗೆ ಆಟಗಾರನನ್ನೋ ಆ ಪಂದ್ಯಕ್ಕೆ ತರಬಹುದು. ಆದ್ದರಿಂದ ಮೈದಾನದಲ್ಲಿ ಕೆಲಸಕ್ಕೆ ಬಾರದ ಕೌಶಲ ಬರೀ ವ್ಯರ್ಥವಲ್ಲ, ಎದುರಾಳಿಗೆ ಕೊಟ್ಟ ಉಡುಗೊರೆ. ಎಲ್ಫ್ ಕೋಚ್ ಇದನ್ನು ಎಲ್ಲರಿಗಿಂತ ಹೆಚ್ಚು ನೆನಪಿಡಬೇಕು, ಏಕೆಂದರೆ ಅವನ ಆಟಗಾರರು ಮೊದಲೇ ದುಬಾರಿ: ವುಡ್ ಎಲ್ಫ್ ತಂಡದ ಸಾಧಾರಣ ಲೈನ್‌ಮನ್‌ಗೇ 70 ಸಾವಿರ, ವಾರ್‌ಡಾನ್ಸರ್‌ಗೆ 1.25 ಲಕ್ಷ. ತಂಡ ಕಟ್ಟಲು ಸಿಗುವುದು 10 ಲಕ್ಷ. ಇಬ್ಬರು ವಾರ್‌ಡಾನ್ಸರ್ ಮತ್ತು ಒಂಬತ್ತು ಲೈನ್‌ಮನ್‌ಗಳನ್ನು ಕೊಂಡರೆ 8.8 ಲಕ್ಷ ಖರ್ಚಾಗಿ, ಉಳಿದದ್ದರಲ್ಲಿ ಎರಡು ರೀರೋಲ್ ಸಿಗುತ್ತದೆ. ವೈದ್ಯನಿಗೆ ಹಣವೇ ಉಳಿಯುವುದಿಲ್ಲ.

ಹೊಸ ಕೋಚ್‌ಗಳಲ್ಲಿ ಒಂದು ಪ್ರವೃತ್ತಿ ಸಾಮಾನ್ಯ. ಚೆಂಡು ಹಿಡಿಯುವವನಿಗೆ ಇನ್ನಷ್ಟು ಹಿಡಿತ, ಓಡುವವನಿಗೆ ಇನ್ನಷ್ಟು ಓಟ, ಎಸೆಯುವವನಿಗೆ ಇನ್ನಷ್ಟು ಗುರಿ. ಎಲ್ಫ್‌ಗಳ ವಿಷಯದಲ್ಲಿ ಇದು ಹಣವನ್ನು ನೀರಿಗೆ ಹಾಕಿದಂತೆ. ನೂರಕ್ಕೆ 97 ಸಲ ಆಗುವ ಕೆಲಸವನ್ನು 99ಕ್ಕೆ ಏರಿಸಿ ಗಳಿಸುವುದೇನೂ ಇಲ್ಲ. ತನ್ನ ಸರದಿಯಲ್ಲಿ ಎಲ್ಫ್ ಈಗಾಗಲೇ ಬೇಕಾದ್ದನ್ನೆಲ್ಲ ಮಾಡಬಲ್ಲ. ಅವನಿಗೆ ಕಷ್ಟ ಬರುವುದು ಎದುರಾಳಿಯ ಸರದಿಯಲ್ಲಿ, ಓರ್ಕ್‌ನ ಮುಷ್ಟಿ ಮುಖದ ಮುಂದೆ ಬಂದು ನಿಂತಾಗ. ಆ ಹೊತ್ತಿನಲ್ಲಿ ಕೆಲಸ ಮಾಡುವ ಕೌಶಲಗಳೇ ಎಲ್ಫ್ ತಂಡಕ್ಕೆ ಮೊದಲು ಬೇಕಾದವು. ಅವುಗಳಲ್ಲಿ ಮುಖ್ಯವಾದವು ಎರಡು, ಡಾಡ್ಜ್ ಮತ್ತು ಬ್ಲಾಕ್.

ಇವು ಯಾಕೆ ಮುಖ್ಯ ಎಂಬುದಕ್ಕೆ ಹೊಡೆತದ ದಾಳವನ್ನು ನೋಡಬೇಕು. ಅದರ ಆರು ಮುಖಗಳಲ್ಲಿ ಒಂದು ತಲೆಬುರುಡೆ. ಅದು ಬಿದ್ದರೆ ಹೊಡೆಯಲು ಹೋದವನೇ ಬೀಳುತ್ತಾನೆ. ಇನ್ನೊಂದರಲ್ಲಿ ಇಬ್ಬರೂ ಬೀಳುತ್ತಾರೆ. ಎರಡು ಮುಖಗಳಲ್ಲಿ ಎದುರಾಳಿ ಬರೀ ಹಿಂದಕ್ಕೆ ಸರಿಯುತ್ತಾನೆ. ಮತ್ತೊಂದರಲ್ಲಿ ಅವನು ಎಡವಿ ಬೀಳುತ್ತಾನೆ, ಕೊನೆಯದರಲ್ಲಿ ಖಂಡಿತವಾಗಿ ಉರುಳುತ್ತಾನೆ. ಬ್ಲಾಕ್ ಇದ್ದವನು ‘ಇಬ್ಬರೂ ಬೀಳು’ ಮುಖಕ್ಕೆ ಬೀಳುವುದಿಲ್ಲ. ಡಾಡ್ಜ್ ಇದ್ದವನಿಗೆ ‘ಎಡವಿ ಬೀಳು’ ಎಂಬುದು ಬರೀ ತಳ್ಳಾಟವಾಗಿ ಬದಲಾಗುತ್ತದೆ. ಹೊಡೆಯುವವನ ಬಲ ಹೆಚ್ಚಿದ್ದರೆ, ಇಲ್ಲವೇ ಪಕ್ಕದ ಜೊತೆಗಾರರ ನೆರವಿದ್ದರೆ, ಅವನು ಎರಡು ದಾಳ ಉರುಳಿಸಿ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾನೆ. ಎಲ್ಫ್‌ಗಳಿಗೆ ಸಾಮಾನ್ಯವಾಗಿ ಬೀಳುವ ಏಟು ಇಂಥದ್ದೇ.

ಬ್ಲಾಕ್ ಕಲಿತ ಓರ್ಕ್ ಎರಡು ದಾಳ ಹಿಡಿದು ಬಂದಾಗ, ಯಾವ ಕೌಶಲವೂ ಇಲ್ಲದ ಎಲ್ಫ್ ಬೀಳುವ ಸಾಧ್ಯತೆ ಶೇ. 75. ಡಾಡ್ಜ್ ಅಥವಾ ಬ್ಲಾಕ್ ಯಾವುದಾದರೂ ಒಂದಿದ್ದರೆ ಶೇ. 56. ಎರಡೂ ಇದ್ದರೆ ಶೇ. 31. ಎರಡನೆಯ ಕೌಶಲ ಮೊದಲನೆಯದಕ್ಕಿಂತ ಹೆಚ್ಚು ಕಾಪಾಡುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು: ಮೊದಲನೆಯದು ಸುಮಾರು 19ರಷ್ಟು ಇಳಿಸಿದರೆ ಎರಡನೆಯದು 25ರಷ್ಟು ಇಳಿಸುತ್ತದೆ. ಕವಚವನ್ನೂ ಸೇರಿಸಿ ಲೆಕ್ಕ ಹಾಕಿದರೆ, ಒಂದು ಏಟಿಗೆ ಬಿದ್ದು ಕವಚ ಒಡೆಸಿಕೊಳ್ಳುವ ಸಾಧ್ಯತೆ ವುಡ್ ಎಲ್ಫ್‌ಗೆ ಶೇ. 31ರಿಂದ ಶೇ. 13ಕ್ಕೆ ಇಳಿಯುತ್ತದೆ. 9+ ಕವಚವೂ ಇಷ್ಟು ರಕ್ಷಣೆ ಕೊಡದು. ಬ್ಲಾಕ್ ಮತ್ತು ಡಾಡ್ಜ್ ಎರಡನ್ನೂ ಕಲಿತವನನ್ನು ಆಟಗಾರರು ‘ಬ್ಲಾಡ್ಜರ್’ ಎನ್ನುತ್ತಾರೆ. ಎಲ್ಫ್‌ಗಳಿಗೆ ಸಾಮಾನ್ಯ ಮತ್ತು ಚುರುಕು ವರ್ಗಗಳೆರಡೂ ಸ್ವಂತದವೇ. ಹಾಗಾಗಿ ತಂಡದ ಯಾವ ಎಲ್ಫ್ ಬೇಕಾದರೂ ಕಡಿಮೆ ಬೆಲೆಯಲ್ಲಿ ಬ್ಲಾಡ್ಜರ್ ಆಗಬಲ್ಲ. ಬೇರೆ ಜನಾಂಗಗಳಲ್ಲಿ ಈ ಭಾಗ್ಯ ಕೆಲವರಿಗೆ ಮಾತ್ರ.

ಎರಡರಲ್ಲಿ ಯಾವುದು ಮೊದಲು? ಬೀಳುವ ಲೆಕ್ಕದಲ್ಲಿ ಎರಡೂ ಸಮ. ಆದರೆ ಡಾಡ್ಜ್ ತನ್ನ ಸರದಿಯಲ್ಲೂ ನೆರವಾಗುತ್ತದೆ: ನುಣುಚಿಕೊಳ್ಳುವಾಗ ತಪ್ಪಿದ ಒಂದು ಗರವನ್ನು ಆ ಸರದಿಯಲ್ಲಿ ಒಮ್ಮೆ ಮತ್ತೆ ಉರುಳಿಸಬಹುದು. ತಂಡದ ರೀರೋಲ್ ಉಳಿಯುತ್ತದೆ. ಎಲ್ಫ್‌ಗಳು ಪ್ರತಿ ಸರದಿಯಲ್ಲೂ ಹಲವು ಸಲ ನುಣುಚಿಕೊಳ್ಳುವವರಾದ್ದರಿಂದ ಸಾಧಾರಣ ಲೈನ್‌ಮನ್‌ಗೆ ಡಾಡ್ಜ್ ಮೊದಲು, ಬ್ಲಾಕ್ ಆಮೇಲೆ ಎಂಬುದು ಒಳ್ಳೆಯ ಕ್ರಮ. ದಿನವೂ ಹೊಡೆಯುವ ಕೆಲಸ ಇರುವವನಿಗೆ ಮಾತ್ರ ಬ್ಲಾಕ್ ಮೊದಲು ಬರಬೇಕು, ಏಕೆಂದರೆ ಎರಡು ದಾಳದ ಹೊಡೆತದಲ್ಲಿ ತಾನೇ ಬೀಳುವ ಸಾಧ್ಯತೆಯನ್ನು ಅದು ಶೇ. 11ರಿಂದ ಶೇ. 3ಕ್ಕೆ ತರುತ್ತದೆ.

ವುಡ್ ಎಲ್ಫ್ ತಂಡದ ಜೀವ ವಾರ್‌ಡಾನ್ಸರ್‌ಗಳು. ತಂಡಕ್ಕೆ ಇಬ್ಬರೇ. ಓಟ 8, ಬಲ 3, ಜೊತೆಗೆ ಬ್ಲಾಕ್, ಡಾಡ್ಜ್ ಹಾಗೂ ಲೀಪ್ ಹುಟ್ಟಿನಿಂದಲೇ ಇವೆ. ಲೀಪ್ ಎಂದರೆ ಪಕ್ಕದ ಮನೆಯನ್ನು, ಅಲ್ಲಿ ಯಾರೇ ನಿಂತಿರಲಿ, ಹಾರಿ ದಾಟುವ ಶಕ್ತಿ. ಬ್ಲಾಡ್ಜರ್ ಆಗಿಯೇ ಬಂದಿರುವ ಇವರಿಗೆ ಕೌಶಲ ಆರಿಸುವಾಗ ಕೋಚ್ ಕೇಳಿಕೊಳ್ಳಬೇಕಾದ್ದು ಒಂದೇ: ಇವನು ಚೆಂಡು ಕಸಿಯಬೇಕೇ, ಬಡಿಯಬೇಕೇ?

ಎದುರಾಳಿ ಚೆಂಡನ್ನು ಕಾಯುವ ರೀತಿ ಎಲ್ಲೆಡೆ ಒಂದೇ. ಚೆಂಡು ಹಿಡಿದವನ ನಾಲ್ಕು ಮೂಲೆಗೆ ನಾಲ್ವರನ್ನು ನಿಲ್ಲಿಸುತ್ತಾರೆ. ಇದನ್ನು ಪಂಜರ ಎನ್ನುತ್ತಾರೆ. ಕಾಲುನಡಿಗೆಯಲ್ಲಿ ಒಳಹೊಕ್ಕು ಚೆಂಡು ಹಿಡಿದವನನ್ನು ತಲುಪುವುದು ಬೇರೆ ತಂಡಗಳಿಗೆ ಬಹಳ ಕಷ್ಟ. ವಾರ್‌ಡಾನ್ಸರ್ ಹಾರಿ ಹೊಗುತ್ತಾನೆ. ಆದರೆ ಚಕ್ರವ್ಯೂಹ ಹೊಕ್ಕ ಅಭಿಮನ್ಯುವಿನಂತೆ ಅವನ ಸುತ್ತ ಶತ್ರುಗಳೇ. ಕಾವಲುಗಾರರ ನೆರವಿನಿಂದ ಎದುರಾಳಿಯ ಬಲ ಏರಿರುತ್ತದೆ. ಎರಡು ದಾಳ ಉರುಳಿದರೂ ಆರಿಸುವ ಹಕ್ಕು ಎದುರಾಳಿಯದು. ಚೆಂಡು ಹಿಡಿದವನಿಗೆ ಬ್ಲಾಕ್ ಆಗಲಿ ಡಾಡ್ಜ್ ಆಗಲಿ ಇಲ್ಲದಿದ್ದರೂ, ಅವನನ್ನು ಕೆಡವಲು ಎರಡೂ ದಾಳ ಚೆನ್ನಾಗಿ ಬೀಳಬೇಕು. ಸಾಧ್ಯತೆ ನಾಲ್ಕರಲ್ಲಿ ಒಂದು.

ಇಲ್ಲಿ ಸ್ಟ್ರಿಪ್ ಬಾಲ್ ಎಂಬ ಕೌಶಲ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ಅದಿದ್ದರೆ ಎದುರಾಳಿಯನ್ನು ಕೆಡವಬೇಕಾಗಿಲ್ಲ, ಹಿಂದಕ್ಕೆ ತಳ್ಳಿದರೂ ಚೆಂಡು ಕೈಜಾರುತ್ತದೆ. ತಳ್ಳಾಟದ ಎರಡು ಮುಖಗಳೂ ಗೆಲುವಾಗಿ, ತಲೆಬುರುಡೆಯೊಂದೇ ಸೋಲಾಗಿ ಉಳಿಯುತ್ತದೆ. ನಾಲ್ಕರಲ್ಲಿ ಒಂದಾಗಿದ್ದ ಸಾಧ್ಯತೆ ಶೇ. 69ಕ್ಕೆ ಏರುತ್ತದೆ. ಆರು ಅಂಕಕ್ಕೆ, 20 ಸಾವಿರಕ್ಕೆ, ಆಟದ ಇನ್ನಾವ ಕೌಶಲವೂ ಇಷ್ಟು ದೊಡ್ಡ ಜಿಗಿತ ಕೊಡುವುದಿಲ್ಲ. ಆದ್ದರಿಂದ ಇಬ್ಬರಲ್ಲಿ ಒಬ್ಬ ವಾರ್‌ಡಾನ್ಸರ್‌ಗೆ ಮೊದಲ ಕೌಶಲವಾಗಿ ಸ್ಟ್ರಿಪ್ ಬಾಲ್ ಕೊಡುವುದು ಸರಿ. ಅದಕ್ಕೆ ಮದ್ದೂ ಇದೆ: ಶ್ಯೂರ್ ಹ್ಯಾಂಡ್ಸ್ ಕಲಿತ ಎದುರಾಳಿಯ ಮೇಲೆ ಸ್ಟ್ರಿಪ್ ಬಾಲ್ ನಡೆಯದು. ಲೀಗಿನ ಉಳಿದ ತಂಡಗಳಲ್ಲಿ ಚೆಂಡು ಹಿಡಿಯುವವರಿಗೆ ಶ್ಯೂರ್ ಹ್ಯಾಂಡ್ಸ್ ಎಷ್ಟರಮಟ್ಟಿಗೆ ಇದೆ ಎಂದು ಮೊದಲೇ ಕಣ್ಣಾಡಿಸಿ ನಿರ್ಧರಿಸಬೇಕು. ಈ ವಾರ್‌ಡಾನ್ಸರ್‌ಗೆ ಎರಡನೆಯದು ಟ್ಯಾಕಲ್. ಅದು ಎದುರಾಳಿಯ ಡಾಡ್ಜನ್ನು ಇಲ್ಲವಾಗಿಸುತ್ತದೆ. ಸ್ಕೇವನ್ ಓಟಗಾರರು ಮತ್ತು ಇತರ ಎಲ್ಫ್‌ಗಳ ವಿರುದ್ಧ ಟ್ಯಾಕಲ್ ಇಲ್ಲದೆ ಆಡುವುದು ಗಾಳಿಗೆ ಗುದ್ದಿದಂತಾಗುತ್ತದೆ.

ಇನ್ನೊಬ್ಬ ವಾರ್‌ಡಾನ್ಸರ್‌ಗೆ ಎರಡು ದಾರಿಗಳಿವೆ. ಮೈಟಿ ಬ್ಲೋ ಕೊಟ್ಟು ಬೇಟೆಗಾರನನ್ನಾಗಿ ಮಾಡುವುದು ಒಂದು. ಏಟಿನ ಭಾರ ಹೆಚ್ಚಿಸುವ ಈ ಕೌಶಲ ಬಲದ ವರ್ಗದ್ದಾದ್ದರಿಂದ 12 ಅಂಕ, 40 ಸಾವಿರ. ಆಟಗಾರನ ಬೆಲೆ 1.65 ಲಕ್ಷ ಮುಟ್ಟುತ್ತದೆ. ಎದುರಾಳಿಯ ಸಂಖ್ಯೆ ಇಳಿಸುವ ಆಸೆ ಸಹಜವಾದರೂ, ಇಷ್ಟು ದುಬಾರಿಯಾದವನು ಒಂದು ಕೆಟ್ಟ ಗರಕ್ಕೆ ಮುರಿದುಬಿದ್ದರೆ ತಂಡ ಚೇತರಿಸಿಕೊಳ್ಳುವುದು ಕಷ್ಟ. ಸೈಡ್‌ಸ್ಟೆಪ್ ಕೊಡುವುದು ಎರಡನೆಯ ದಾರಿ. ತಳ್ಳಿಸಿಕೊಂಡಾಗ ಯಾವ ಮನೆಗೆ ಸರಿಯಬೇಕೆಂದು ಎದುರಾಳಿಯ ಬದಲು ತಾನೇ ಆರಿಸುವ ಕೌಶಲ ಅದು. ಡಾಡ್ಜ್, ಬ್ಲಾಕ್, ಸೈಡ್‌ಸ್ಟೆಪ್ ಮೂರೂ ಸೇರಿದ ಆಟಗಾರನನ್ನು ಕೆಡವುವುದೂ ಕಷ್ಟ, ಜಾಗ ಬಿಡಿಸುವುದೂ ಕಷ್ಟ. ಮೈದಾನದ ಅಂಚಿಗೆ ತಳ್ಳಿ ಜನಜಂಗುಳಿಯ ಕೈಗೆ ಒಪ್ಪಿಸುವ ಆಟವೂ ಅವನ ಮುಂದೆ ನಡೆಯದು. ಅಗ್ಗವೂ ಆಗಿರುವ ಈ ಎರಡನೆಯ ದಾರಿಯೇ ಹೆಚ್ಚು ವಿವೇಕದ್ದು.

ಪಾಸ್ ಹಿಡಿದು ಓಡುವ ವುಡ್ ಎಲ್ಫ್ ಕ್ಯಾಚರ್‌ಗಳು ಓಟದಲ್ಲಿ 8, ಆದರೆ ಬಲ ಬರೀ 2. ಸಾಧಾರಣ ಬಲದ ಒಬ್ಬ ಎದುರಾಳಿ ಯಾರ ನೆರವೂ ಇಲ್ಲದೆ ಎರಡು ದಾಳ ಹಿಡಿದು ಇವರನ್ನು ಹೊಡೆಯಬಲ್ಲ. ಕ್ಯಾಚ್ ಮತ್ತು ಡಾಡ್ಜ್ ಇವರಿಗೆ ಮೊದಲಿನಿಂದಲೇ ಇವೆ. ಹಾಗಾಗಿ ಮೊದಲ ಆಯ್ಕೆ ಬ್ಲಾಕ್, ಆಮೇಲೆ ಸೈಡ್‌ಸ್ಟೆಪ್. ಟಚ್‌ಡೌನ್‌ಗಳೆಲ್ಲ ಇವರ ಪಾಲಾಗುವುದರಿಂದ ಅಂಕಗಳೂ ಬೇಗ ಕೂಡುತ್ತವೆ. ಎರಡು ಟಚ್‌ಡೌನ್ ಆದರೆ ಒಂದು ಕೌಶಲ. ಓಟ ಮುಗಿದ ಮೇಲೂ ಇನ್ನೆರಡು ಮನೆ ಪ್ರಯಾಸದಿಂದ ದಾಟಲು ನಿಯಮದಲ್ಲಿ ಅವಕಾಶವಿದೆ. ಹಾಗೆ ಒಂದು ಸರದಿಗೆ ಕ್ಯಾಚರ್ ಹತ್ತು ಮನೆ ಹೋಗಬಲ್ಲ. ನಡುಗೆರೆಯಿಂದ ಟಚ್‌ಡೌನಿಗೆ 13 ಮನೆ. ಉಳಿದ ಮೂರು ಮನೆಯ ಆಸೆಗೆ ಸ್ಪ್ರಿಂಟ್ ಎಂಬ ಓಟದ ಕೌಶಲ ಕೊಟ್ಟು, ಓಟದ ಅಳತೆ ಏರಿಸಿ, ಒಂದೇ ಸರದಿಯಲ್ಲಿ ಟಚ್‌ಡೌನ್ ಮಾಡುವವನನ್ನು ತಯಾರಿಸಲು ಕೋಚ್‌ಗಳು ಹೊರಡುವುದುಂಟು. ಆಟದ ಅತ್ಯಂತ ಸುಂದರ ಗಳಿಗೆಗಳಲ್ಲಿ ಅದೂ ಒಂದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಬಲ ಎರಡರ ಆಟಗಾರ ಅಷ್ಟು ದಿನ ಬದುಕಿ ಉಳಿಯಬೇಕಾದರೆ ಮೊದಲು ಬ್ಲಾಕ್ ಬೇಕೇ ಬೇಕು.

ಥ್ರೋಯರ್‌ಗೆ ಪಾಸ್ ಕೌಶಲ ಹುಟ್ಟಿನಿಂದ ಬಂದಿದೆ, ಎಸೆತ 2+. ಹತ್ತಿರದ ಎಸೆತ, ಬಯಲಿನಲ್ಲಿ ನಿಂತ ಕ್ಯಾಚರ್, ಪಾಸ್ ಮತ್ತು ಕ್ಯಾಚ್ ಕೌಶಲಗಳಿಂದ ಇಬ್ಬರಿಗೂ ತಮ್ಮದೇ ರೀರೋಲ್: ಪಾಸ್ ಪೂರ್ತಿಯಾಗುವ ಸಾಧ್ಯತೆ ಈಗಾಗಲೇ ಶೇ. 94ಕ್ಕಿಂತ ಹೆಚ್ಚು. ಅಕ್ಯುರೇಟ್‌ನಂಥ ಗುರಿಯ ಕೌಶಲಕ್ಕಿಂತ ಇವನಿಗೆ ಮೊದಲು ಬೇಕಾದ್ದು ಲೀಡರ್. ಅದು ತಂಡಕ್ಕೆ ಒಂದು ಹೆಚ್ಚುವರಿ ರೀರೋಲ್ ತರುತ್ತದೆ, ಅವನು ಮೈದಾನದಲ್ಲಿದ್ದರೆ ಸಾಕು. ತಂಡ ಕಟ್ಟುವಾಗ 50 ಸಾವಿರಕ್ಕೆ ಸಿಗುವ ರೀರೋಲ್ ಲೀಗ್ ಶುರುವಾದ ಮೇಲೆ ಒಂದು ಲಕ್ಷವಾಗುತ್ತದೆ. ಲೀಡರ್ ಮೌಲ್ಯಕ್ಕೆ ಸೇರಿಸುವುದು 20 ಸಾವಿರ ಮಾತ್ರ. ಎರಡೇ ರೀರೋಲ್ ಇಟ್ಟುಕೊಂಡು ಹೊರಟ ತಂಡಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಪಾರವಿಲ್ಲ. ನಂತರ ಎಂದಿನಂತೆ ಡಾಡ್ಜ್, ಬ್ಲಾಕ್.

ಲೈನ್‌ಮನ್‌ಗಳ ಬಗ್ಗೆ ಮಾತು ಕಡಿಮೆ, ಪಂದ್ಯಗಳನ್ನು ಹೊರುವವರು ಮಾತ್ರ ಅವರೇ. ನಡುಗೆರೆಯ ಮೇಲೆ ಕನಿಷ್ಠ ಮೂವರು ನಿಲ್ಲಲೇಬೇಕು ಎಂಬುದು ನಿಯಮ. ಎದುರಾಳಿಯ ಮೊದಲ ಏಟು ಬೀಳುವುದು ಆ ಮೂವರ ಮೇಲೆ. ಅಲ್ಲಿ ನಿಲ್ಲುವವನಿಗೆ ರೆಸಲ್ ಉಪಯುಕ್ತ. ‘ಇಬ್ಬರೂ ಬೀಳು’ ಮುಖ ಬಂದಾಗ ಇಬ್ಬರನ್ನೂ ನೆಲಕ್ಕೆಳೆದರೂ ಕವಚದ ದಾಳ ಉರುಳದಂತೆ ಅದು ನೋಡಿಕೊಳ್ಳುತ್ತದೆ. ಕವಚದ ಮಟ್ಟಿಗೆ ಅದು ಬ್ಲಾಕ್‌ನಷ್ಟೇ ರಕ್ಷಣೆ ಕೊಡುತ್ತದೆ, ಮೇಲಾಗಿ ಬ್ಲಾಕ್ ಇರುವ ಎದುರಾಳಿಯನ್ನೂ ಮಲಗಿಸುತ್ತದೆ. ಕೆಳಗೆ ಬಿದ್ದ ಎಲ್ಫ್ ಮುಂದಿನ ಸರದಿಯಲ್ಲಿ ಎದ್ದು ಹೋಗುತ್ತಾನೆ. ಬಿದ್ದ ಡ್ವಾರ್ಫ್ ಎದ್ದು ಹೋಗುವಷ್ಟರಲ್ಲಿ ಆಟ ಮುಂದೆ ಸಾಗಿರುತ್ತದೆ. ನಡುಗೆರೆಯಿಂದ ಹಿಂದೆ ನಿಲ್ಲುವ ಒಬ್ಬನಿಗೆ ಕಿಕ್ ಕೊಡಬೇಕು. ಆಟ ಶುರುಮಾಡಲು ಒದ್ದ ಚೆಂಡು ಗುರಿಯಿಂದ ಸರಿಯುವ ದೂರವನ್ನು ಅರ್ಧಕ್ಕೆ ಇಳಿಸುವ ಈ ಕೌಶಲದಿಂದ ಚೆಂಡನ್ನು ಎದುರಾಳಿಯ ಹಿಂಬದಿಯ ಮೂಲೆಗೆ ಬೀಳಿಸಬಹುದು. ನಿಧಾನ ನಡೆಯ ತಂಡಗಳು ಅದನ್ನು ಎತ್ತಲು ಹೋಗುವಷ್ಟರಲ್ಲಿ ಎಲ್ಫ್‌ಗಳು ಅಲ್ಲಿರುತ್ತಾರೆ. ಡೈವಿಂಗ್ ಟ್ಯಾಕಲ್ ಒಬ್ಬಿಬ್ಬರಿಗೆ ಸಾಕು. ಪಕ್ಕದಿಂದ ನುಣುಚಿಕೊಳ್ಳಲು ಹೊರಟವನ ಗರವನ್ನು ಎರಡಂಕ ಇಳಿಸುವುದರಿಂದ ಚೆಂಡು ಹಿಡಿದು ಓಡುವವನ ದಾರಿಗೆ ಅಡ್ಡಲಾಗಿ ನಿಲ್ಲಿಸಲು ಇದು ಹೇಳಿ ಮಾಡಿಸಿದ ಕೌಶಲ.

ಗಾರ್ಡ್ ಎಂಬ ಬಲದ ಕೌಶಲದ ಬಗ್ಗೆ ಕೋಚ್‌ಗಳಲ್ಲಿ ವಾದ ಮುಗಿಯುವುದಿಲ್ಲ. ಶತ್ರು ಪಕ್ಕದಲ್ಲಿ ನಿಂತಿದ್ದರೂ ಜೊತೆಗಾರನಿಗೆ ನೆರವಾಗುವ ಶಕ್ತಿ ಇದು. ಹೊಡೆದಾಟದ ತಂಡಗಳಿಗೆ ಪ್ರಾಣಸಮಾನ. ಎಲ್ಫ್‌ಗೆ ಹೊರಗಿನ ವರ್ಗವಾದ್ದರಿಂದ ಅದೇ ಬೆಲೆಗೆ ಡಾಡ್ಜ್ ಮತ್ತು ಬ್ಲಾಕ್ ಎರಡೂ ಹತ್ತಿರಹತ್ತಿರ ಸಿಗುತ್ತವೆ: ಗಾರ್ಡ್‌ಗೆ 12 ಅಂಕ, ಅವೆರಡಕ್ಕೆ 6 ಮತ್ತು 8 ಸೇರಿ 14, ಮೌಲ್ಯಕ್ಕೆ ಎರಡೂ ಬಗೆಯಲ್ಲಿ 40 ಸಾವಿರ. ಮೊದಲೇ ಬ್ಲಾಡ್ಜರ್ ಆಗಿರುವ ಒಬ್ಬ ಆಟಗಾರನಿಗೆ ಗಾರ್ಡ್ ಕೊಡುವುದಕ್ಕೆ ಅರ್ಥವಿದೆ. ಬರಿಗೈಯ ಲೈನ್‌ಮನ್‌ಗೆ ಕೊಟ್ಟರೆ ಎಲ್ಲರ ಏಟೂ ಮೊದಲು ಅವನ ಮೇಲೇ.

ಉಳಿದ ಮೂರು ಎಲ್ಫ್ ತಂಡಗಳಲ್ಲಿ ತತ್ವ ಇದೇ, ವಿವರ ಬೇರೆ. ಡಾರ್ಕ್ ಎಲ್ಫ್‌ಗಳ ಲೈನ್‌ಮನ್ ಮತ್ತು ಬ್ಲಿಟ್ಜರ್‌ಗಳಿಗೆ ಕವಚ 9+. ನಾಲ್ವರು ಬ್ಲಿಟ್ಜರ್‌ಗಳಿಗೂ ಬ್ಲಾಕ್ ಇದ್ದೇ ಇದೆ. ಒಬ್ಬೊಬ್ಬರಿಗೆ ಆರು ಅಂಕ ಬಂದಂತೆ ಡಾಡ್ಜ್ ಕೊಟ್ಟರೆ ಗಟ್ಟಿ ಕವಚದ ನಾಲ್ವರು ಬ್ಲಾಡ್ಜರ್‌ಗಳು ಸಿದ್ಧ. ದೀರ್ಘ ಲೀಗಿಗೆ ಎಲ್ಫ್ ತಂಡ ಬೇಕೆನ್ನುವವರು ಇದನ್ನೇ ಆರಿಸಿದರೆ ಮೋಸವಿಲ್ಲ. ಈ ತಂಡದ ವಿಚ್ ಎಲ್ಫ್‌ಗಳಿಗೆ ಡಾಡ್ಜ್, ಬಿದ್ದಲ್ಲಿಂದ ತಟ್ಟನೆ ಏಳುವ ಜಂಪ್ ಅಪ್ ಜೊತೆಗೆ ಫ್ರೆಂಜಿ ಇದೆ. ಮೊದಲ ಏಟಿಗೆ ಎದುರಾಳಿ ಬೀಳದಿದ್ದರೆ ಮುನ್ನುಗ್ಗಿ ಎರಡನೆಯ ಏಟು ಹಾಕಲೇಬೇಕಾದ ಆವೇಶ ಅದು. ಏಟು ಎರಡಾದಾಗ ತಾವೇ ಬೀಳುವ ಅಪಾಯವೂ ಎರಡು ಸಲ. ಆದ್ದರಿಂದ ಅವರಿಗೆ ಬ್ಲಾಕ್ ಬಿಟ್ಟು ಬೇರೆ ಮೊದಲ ಆಯ್ಕೆ ಇಲ್ಲ. ಹೈ ಎಲ್ಫ್‌ಗಳ ಕ್ಯಾಚರ್‌ಗೆ ಬಲ 3 ಇದ್ದರೂ ಡಾಡ್ಜ್ ಇಲ್ಲ, ಅದೇ ಮೊದಲು ಬರಬೇಕು. ಎಲ್ವನ್ ಯೂನಿಯನ್ ತಂಡದ ಬ್ಲಿಟ್ಜರ್ ಬ್ಲಾಕ್ ಮತ್ತು ಸೈಡ್‌ಸ್ಟೆಪ್ ಸಮೇತ ಬರುತ್ತಾನೆ. ಡಾಡ್ಜ್ ಸೇರಿದ ಕ್ಷಣ ಅವನು ಮೈದಾನದಲ್ಲಿ ಅಲುಗಿಸಲಾಗದ ಆಟಗಾರ. ಅಲ್ಲಿಯ ಲೈನ್‌ಮನ್ 60 ಸಾವಿರಕ್ಕೆ ಸಿಗುವುದರಿಂದ ಕಳೆದುಕೊಂಡ ಜಾಗ ತುಂಬುವುದು ಉಳಿದ ಎಲ್ಫ್ ತಂಡಗಳಿಗಿಂತ ಸುಲಭ.

ಮೂರು ಅಂಕಕ್ಕೆ ದಾಳದ ಮೇಲೆ ಬಿಟ್ಟು ಕೌಶಲ ಪಡೆಯುವ ದಾರಿ ಅಗ್ಗವೇನೋ ಹೌದು, ಮೌಲ್ಯಕ್ಕೆ ಸೇರುವುದೂ 10 ಸಾವಿರವಷ್ಟೇ. ಆದರೆ ಚುರುಕಿನ ವರ್ಗದ ಹನ್ನೆರಡರಲ್ಲಿ ಡಾಡ್ಜ್ ಬೀಳುವ ಸಾಧ್ಯತೆ ಶೇ. 8. ನಾಳೆ ಇರುತ್ತಾನೋ ಇಲ್ಲವೋ ಎಂಬ ಲೈನ್‌ಮನ್‌ಗೆ ಮಾತ್ರ ಇದು ಒಪ್ಪುತ್ತದೆ. ಮತ್ತೆ ಟಚ್‌ಡೌನ್ ಮಾಡುವುದು ಖಚಿತವಿರುವ ಕ್ಯಾಚರ್‌ನ ವಿಷಯದಲ್ಲಿ ಒಂದು ಪಂದ್ಯ ತಾಳಿ ಆರು ಅಂಕ ಕೂಡಿಸುವುದೇ ಲಾಭ. ಅಳತೆ ಹೆಚ್ಚಿಸುವ 18 ಅಂಕದ ದಾರಿ ಎಲ್ಫ್‌ಗೆ ವಿರಳವಾಗಿಯೇ ಹೊಂದುತ್ತದೆ. ಹದಿನಾರು ಮುಖದ ದಾಳ ಏನು ಕೊಡುತ್ತದೆಯೋ ಅದರಲ್ಲಿ ಆರಿಸಬೇಕು. ಚುರುಕು 2+ನಿಂದ 1+ಗೆ ಏರಿದರೂ ದಾಳದಲ್ಲಿ ಒಂದು ಬಿದ್ದರೆ ಸೋಲು ಸೋಲೇ. ಶತ್ರುಗಳ ನಡುವೆ ನುಸುಳುವಾಗ ಮಾತ್ರ ಅದರ ಪ್ರಯೋಜನ ಕಾಣುತ್ತದೆ. ಬಲ ಏರಿದರೆ ಲಾಭ ದೊಡ್ಡದು, ಮೌಲ್ಯಕ್ಕೆ ಸೇರುವ 80 ಸಾವಿರವೂ ದೊಡ್ಡದೇ.

ಎದುರಾಳಿಗಳು ಯಾರು ಎಂಬುದೂ ಆಯ್ಕೆಯನ್ನು ಬದಲಿಸುತ್ತದೆ. ಡ್ವಾರ್ಫ್ ತಂಡದ ಸಾಧಾರಣ ಆಟಗಾರರಿಗೆಲ್ಲ ಬ್ಲಾಕ್ ಜೊತೆಗೆ ಟ್ಯಾಕಲ್ ಮೊದಲಿನಿಂದಲೇ ಇದೆ. ಅವರ ಮುಂದೆ ಡಾಡ್ಜ್ ಇದ್ದೂ ಇಲ್ಲದಂತೆ. ಬ್ಲಾಕ್, ಸೈಡ್‌ಸ್ಟೆಪ್ ಮತ್ತು ರೆಸಲ್ ಟ್ಯಾಕಲ್‌ಗೆ ಮಣಿಯುವುದಿಲ್ಲ. ಲೀಗಿನಲ್ಲಿ ಅಂಥ ತಂಡಗಳು ಹೆಚ್ಚಿದ್ದರೆ ಲೈನ್‌ಮನ್‌ಗಳಿಗೆ ಬ್ಲಾಕ್ ಅಥವಾ ರೆಸಲ್ ಮೊದಲು ಬರಬೇಕು. ಗಾರ್ಡ್ ತುಂಬಿದ ತಂಡಗಳ ವಿರುದ್ಧ ಡಿಫೆನ್ಸಿವ್ ಎಂಬ ಅಗ್ಗದ ಚುರುಕಿನ ಕೌಶಲವಿದೆ. ಅದನ್ನು ಕಲಿತವನ ಪಕ್ಕದಲ್ಲಿರುವ ಶತ್ರು ತನ್ನ ಸರದಿಯಲ್ಲಿ ಗಾರ್ಡ್ ಬಳಸುವಂತಿಲ್ಲ. ಕೇಯಾಸ್ ಎಂಬ ತಂಡಗಳು ಕಲಿಯಬಲ್ಲ ‘ಉಗುರು’ ಎಂಬ ಮಾರ್ಪಾಡಿನ ಕೌಶಲ ಯಾವ ಕವಚವನ್ನಾದರೂ ಎಂಟರ ಗರಕ್ಕೆ ಒಡೆಯುತ್ತದೆ. 8+ ಕವಚದ ವುಡ್ ಎಲ್ಫ್‌ಗೆ ಅದರಿಂದ ಹೊಸ ನಷ್ಟವೇನೂ ಇಲ್ಲ, ಡಾರ್ಕ್ ಎಲ್ಫ್‌ನ 9+ ಮಾತ್ರ ಬೆಲೆ ಕಳೆದುಕೊಳ್ಳುತ್ತದೆ.

ಲೀಗಿನ ಒಂದು ಋತು ಮುಗಿದಾಗ ತಂಡವನ್ನು ನಿಗದಿತ ಬಜೆಟ್ಟಿನೊಳಗೆ ಮತ್ತೆ ಕಟ್ಟಬೇಕು. ಉಳಿಸಿಕೊಳ್ಳುವ ಹಳೆಯ ಆಟಗಾರನಿಗೆ ಅವನ ಪೂರ್ತಿ ಮೌಲ್ಯದ ಜೊತೆಗೆ, ಆಡಿದ ಪ್ರತಿ ಋತುವಿಗೂ 20 ಸಾವಿರ ಹೆಚ್ಚು ತೆರಬೇಕು. ಐದಾರು ಕೌಶಲ ಪೇರಿಸಿಕೊಂಡ ಒಬ್ಬ ವಾರ್‌ಡಾನ್ಸರ್‌ಗಿಂತ ಎರಡೆರಡು ಕೌಶಲದ ನಾಲ್ವರು ಈ ಲೆಕ್ಕದಲ್ಲಿ ಗಟ್ಟಿ. ಡಾಡ್ಜ್ ಮತ್ತು ಬ್ಲಾಕ್ ಕಲಿತ ಲೈನ್‌ಮನ್‌ನ ಮೌಲ್ಯ 1.1 ಲಕ್ಷ, ಒಂದು ಋತುವಿನ ಹೆಚ್ಚುವರಿ ಸೇರಿದರೆ 1.3 ಲಕ್ಷ, ಹೊಸ ವಾರ್‌ಡಾನ್ಸರ್‌ಗಿಂತ ಸ್ವಲ್ಪವೇ ಹೆಚ್ಚು.

ಒಂದೆರಡು ದಿನದಲ್ಲಿ ಮುಗಿಯುವ ಟೂರ್ನಿಗಳಲ್ಲಿ ಸಾಮಾನ್ಯವಾಗಿ ಗಾಯಗಳು ಮುಂದಿನ ಪಂದ್ಯಕ್ಕೆ ಉಳಿಯುವುದಿಲ್ಲ. ಪ್ರತಿ ಪಂದ್ಯಕ್ಕೂ ತಂಡ ಮೊದಲಿನಂತೆಯೇ ಎದ್ದು ನಿಲ್ಲುತ್ತದೆ, ಕೌಶಲಗಳನ್ನು ಆಯೋಜಕರ ನಿಯಮದಂತೆ ಮೊದಲೇ ಹಂಚಲಾಗುತ್ತದೆ. ಅಲ್ಲಿ ದೀರ್ಘಾಯುಷ್ಯದ ಚಿಂತೆ ಕಡಿಮೆ. ಒಬ್ಬ ವಾರ್‌ಡಾನ್ಸರ್‌ಗೆ ಸ್ಟ್ರಿಪ್ ಬಾಲ್, ಇನ್ನೊಬ್ಬನಿಗೆ ಟ್ಯಾಕಲ್ ಅಥವಾ ಸೈಡ್‌ಸ್ಟೆಪ್, ಥ್ರೋಯರ್‌ಗೆ ಲೀಡರ್, ಒಬ್ಬ ಲೈನ್‌ಮನ್‌ಗೆ ಕಿಕ್, ಕ್ಯಾಚರ್‌ಗೆ ಬ್ಲಾಕ್, ಉಳಿದದ್ದೆಲ್ಲ ನಡುಗೆರೆಯವರಿಗೆ ಡಾಡ್ಜ್ ಎಂದು ಹಂಚಿದರೆ ವುಡ್ ಎಲ್ಫ್ ತಂಡ ಮೊದಲ ಪಂದ್ಯದಿಂದಲೇ ಪೂರ್ಣ ಬಲದಲ್ಲಿ ಆಡುತ್ತದೆ.